ಮಂಗ ಸತ್ತರೆ ಹೇಳುತ್ತೇವೆ, ಕುರಿ ಸತ್ತರೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬಂಧುಗಳೇ, ಕಾಡಿನಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ನಮ್ಮಲ್ಲಿ ಯಾರೂ ಸುಮ್ಮನೆ ಮನೆಗೆ ಬರುವುದಿಲ್ಲ. ಆಶಾ ಕಾರ್ಯಕರ್ತೆಗೆ ಹೇಳುತ್ತೇವೆ, ಪಂಚಾಯಿತಿಗೆ ಫೋನ್ ಮಾಡುತ್ತೇವೆ, ಆ ಕಡೆ ದರಕು ಗುಡಿಸಲು ಹೋಗಬೇಡಿ ಎಂದು ಅಕ್ಕಪಕ್ಕದವರಿಗೆಲ್ಲ ತಿಳಿಸುತ್ತೇವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಕಲಿಸಿದ ಪಾಠ ಅದು. 2018ರ ಕೊನೆಯಿಂದ 2019ರ ಬೇಸಿಗೆವರೆಗೆ ಅರಳಗೋಡು ಭಾಗದಲ್ಲಿ ಒಂದರ ಹಿಂದೊಂದು ಸಾವು ಕಂಡ ಮೇಲೆ ಆ ಎಚ್ಚರ ಇನ್ನೂ ಗಟ್ಟಿಯಾಯಿತು. ಇಂಥ ಊರಲ್ಲೇ, ಹಟ್ಟಿಯಲ್ಲಿ ಎರಡು ಕುರಿ ಮೂಗು ಸೋರಿಸಿಕೊಂಡು ಭೇದಿಯಾಗಿ ಸತ್ತರೆ ಸುದ್ದಿ ಬೇಲಿ ದಾಟುವುದಿಲ್ಲ. ಉಳಿದ ಕುರಿಗಳು ದಾಟುತ್ತವೆ. ಬೆಳಕು ಹರಿಯುವ ಮೊದಲೇ ಲಗೇಜ್ ಆಟೊ ಹತ್ತಿ, ಬಂದಷ್ಟಕ್ಕೆ ಮಾರಾಟವಾಗಿ, ಬೇರೆಯವರ ಕೊಟ್ಟಿಗೆ ಸೇರುತ್ತವೆ. ಇದನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತಿದ್ದೇನೆ.

ಕುರಿ ನಮ್ಮ ಮಳೆಗೆ ಒಗ್ಗುವ ಪ್ರಾಣಿಯಲ್ಲ. ಜೌಗಿನಲ್ಲಿ ಗೊರಸು ಕೊಳೆಯುತ್ತದೆ, ಗದ್ದೆ ಬದಿಯ ಹುಲ್ಲಿನಿಂದ ಯಕೃತ್ತಿಗೆ ಹುಳು ಸೇರುತ್ತದೆ. ಹಾಗಾಗಿ ನಾವು ಸಾಕುವುದು ಕಡಿಮೆ, ತರುವುದು ಹೆಚ್ಚು. ಮಾರಿಜಾತ್ರೆಗೆ, ಹಬ್ಬಕ್ಕೆ, ಹರಕೆಗೆ, ಬಕ್ರೀದ್‌ಗೆ ಹಾವೇರಿ, ರಾಣೆಬೆನ್ನೂರು, ಚಿತ್ರದುರ್ಗದ ಬಯಲಿಂದ ಕುರಿ ಬರುತ್ತವೆ. ಅಲ್ಲಿನ ಸಂತೆಯಲ್ಲಿ ಹತ್ತೂರಿನ ಕುರಿ ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಟವಲಿನ ಅಡಿಯಲ್ಲಿ ದಲ್ಲಾಳಿ ಬೆರಳು ಹಿಡಿದು ರೇಟು ಹೇಳುತ್ತಾನೆ. ಕೊಳ್ಳುವವರು ಬೆನ್ನು ಒತ್ತಿ ಮಾಂಸ ನೋಡುತ್ತಾರೆ, ತುಟಿ ಎತ್ತಿ ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಎಣಿಸುತ್ತಾರೆ. ಅದೇ ಒಸಡಿನ ಮೇಲೆ ತವುಡು ಮೆತ್ತಿದ ಹಾಗೆ ಕಾಣುವ ಹುಣ್ಣನ್ನು ಮಾತ್ರ ಯಾರೂ ನೋಡುವುದಿಲ್ಲ. ಅಲ್ಲಿಂದ ಅದೇ ಕೈ ತೊಳೆಯದೆ ಮುಂದಿನ ಕುರಿಯ ಬಾಯಿಗೆ ಹೋಗುತ್ತದೆ.

ಆ ಹುಣ್ಣು ಪಿಪಿಆರ್‌ನದ್ದಾಗಿರಬಹುದು. ಪಶುವೈದ್ಯರು ಆಡು–ಕುರಿಗಳ ಪ್ಲೇಗ್ ಎನ್ನುವುದು ಇದಕ್ಕೇ. ವಿಪರೀತ ಜ್ವರ, ಕಣ್ಣು ಮೂಗಿನಲ್ಲಿ ಸುರಿತ, ಬಾಯಿಹುಣ್ಣು, ಭೇದಿ, ಕೊನೆಗೆ ಉಬ್ಬಸ. ಸೋಂಕು ತಗುಲಿ ಸಾಮಾನ್ಯವಾಗಿ ನಾಲ್ಕಾರು ದಿನಕ್ಕೆ ಜ್ವರ ಕಾಣಿಸುತ್ತದೆ, ಕೆಲವಕ್ಕೆ ಹತ್ತು ದಿನವೂ ಹಿಡಿಯುತ್ತದೆ. ಲಕ್ಷಣ ಕಾಣುವ ಮುಂಚೆಯೇ ಉಸಿರಿನಲ್ಲಿ, ಸಿಂಬಳದಲ್ಲಿ ವೈರಸ್ ಹೊರಬರಲು ಶುರುವಾಗಿರುತ್ತದೆ. ಹಾಗಾಗಿ “ಕುರಿ ಚೆನ್ನಾಗಿಯೇ ಇತ್ತಲ್ಲ” ಎಂದು ಮಾರಿದವರು ಹೇಳುವ ಮಾತು ಸುಳ್ಳಾಗಿರಲಿಕ್ಕಿಲ್ಲ. ಆದರೆ ಅದರ ಜೊತೆಯ ಎರಡು ಹಿಂದಿನ ವಾರ ಸತ್ತವು ಎಂಬುದನ್ನು ಅವರು ಹೇಳಲಿಲ್ಲ. ನನಗೆ ತಡೆದುಕೊಳ್ಳಲಾಗದ್ದು ಆ ಮೌನ.

ರೋಗದ ಸುದ್ದಿ ಹೊರಬೀಳುವ ಮೊದಲೇ ಕುರಿ ಸಂತೆ ದಾಟಿದರೆ ತೆರುವ ಬೆಲೆ ಏನೆಂದು ತಿಳಿಯಲು ಇಂಗ್ಲೆಂಡಿನ ಕಡೆ ನೋಡಿ. 2001ರ ಫೆಬ್ರುವರಿಯಲ್ಲಿ ಅಲ್ಲಿ ಕಾಲುಬಾಯಿ ರೋಗ ಪತ್ತೆಯಾಗುವ ಹೊತ್ತಿಗೆ, ಸೋಂಕು ತಗುಲಿದ ಕುರಿಗಳು ಹೆಕ್ಸಂ ಮತ್ತು ಲಾಂಗ್‌ಟೌನ್ ಸಂತೆಗಳನ್ನು ದಾಟಿ ದೇಶದ ಉದ್ದಗಲಕ್ಕೆ ಹರಡಿಯಾಗಿತ್ತು. ಹಸುವಿನಲ್ಲಿ ಜೊಲ್ಲು ಸುರಿದು ಎದ್ದು ಕಾಣುವ ಈ ರೋಗ ಕುರಿಯಲ್ಲಿ ಎಷ್ಟೋ ಸಲ ಸ್ವಲ್ಪ ಕುಂಟುವುದರಲ್ಲೇ ಮುಗಿದುಹೋಗುತ್ತದೆ. ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅಷ್ಟು ದೊಡ್ಡ ವ್ಯವಸ್ಥೆ ಇದ್ದ ದೇಶದ ಪಾಡು ಅದು. 2013ರಲ್ಲಿ ನಮ್ಮ ರಾಜ್ಯದಲ್ಲೇ ಕಾಲುಬಾಯಿ ಬಂದು ಸಾವಿರಾರು ದನ ಸತ್ತದ್ದು, 2022ರಲ್ಲಿ ಚರ್ಮಗಂಟು ರೋಗಕ್ಕೆ ಹೆದರಿ ಜಾನುವಾರು ಸಂತೆಗಳನ್ನೇ ನಿಲ್ಲಿಸಿದ್ದು ನಾವೇ ಕಂಡದ್ದು. ಇವತ್ತು ಕುಂಟುವ ಕುರಿಯನ್ನು ತಂದು ಮಲೆನಾಡು ಗಿಡ್ಡದ ಪಕ್ಕ ಕಟ್ಟಿದರೆ ನಾಳೆ ಹಾಲು ಕರೆಯುವ ಹಸುವಿನ ಗತಿಯೇನು?

ಮಾರುವವರ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ಸಂಘದಲ್ಲಿ ಸಾಲ ಎತ್ತಿ ನಾಲ್ಕು ಕುರಿ ಕಟ್ಟಿದ ಹೆಣ್ಣುಮಗಳಿಗೆ ವಾರದ ಕಂತು ನಿಲ್ಲುವುದಿಲ್ಲ. ಒಂದು ಸತ್ತರೆ ಉಳಿದ ಮೂರನ್ನಾದರೂ ದುಡ್ಡು ಮಾಡಿಕೊಳ್ಳೋಣ ಎಂದು ಯಾರಿಗೆ ಅನ್ನಿಸದು? ಆದರೆ ತಾಯಿ, ಆ ಮೂರನ್ನು ಕೊಳ್ಳುವವಳೂ ಸಂಘದಲ್ಲಿ ಸಾಲ ಎತ್ತಿದವಳೇ. ನಿಮ್ಮ ನಷ್ಟ ಅವಳ ಮನೆಗೆ ಹೋದದ್ದೇ ಹೊರತು ತೀರಲಿಲ್ಲ. ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆಯನ್ನು 2023ರ ಬಜೆಟ್‌ನಲ್ಲಿ ಸರ್ಕಾರ ಮತ್ತೆ ಘೋಷಿಸಿದೆ. ಹೆಣವನ್ನು ಗುಟ್ಟಾಗಿ ಹಳ್ಳಕ್ಕೆ ಎಸೆದರೆ ಅದು ಸಿಗುವುದಿಲ್ಲ, ಪಶುವೈದ್ಯರಿಗೆ ತೋರಿಸಿದರೆ ಕೇಳುವ ಹಕ್ಕಾದರೂ ಉಳಿಯುತ್ತದೆ. ಕಂದು ಹಾಕಿದ ಕುರಿಯ ವಿಷಯದಲ್ಲಂತೂ ಮುಚ್ಚಿಡಲೇಬೇಡಿ. ಅದು ಕಂದು ರೋಗ (ಬ್ರುಸೆಲ್ಲೋಸಿಸ್) ಆಗಿದ್ದರೆ ಬರಿಗೈಯಲ್ಲಿ ಮಾಸು ಎಳೆದವರಿಗೇ ಅಂಟುತ್ತದೆ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲುನೋವು. ಸತ್ತ ಕಂದನ್ನೂ ಮಾಸನ್ನೂ ನಾಯಿಗೆ ಹಾಕದೆ ಸುಣ್ಣ ಹಾಕಿ ಆಳಕ್ಕೆ ಹೂಳಿ.

ಕಾನೂನೂ ಇದೆ. ಪ್ರಾಣಿಗಳ ಅಂಟುರೋಗ ತಡೆಯುವ 2009ರ ಕೇಂದ್ರ ಕಾಯ್ದೆಯ ಪ್ರಕಾರ ಇಂಥ ರೋಗದ ಅನುಮಾನ ಬಂದರೆ ಮಾಲೀಕರು ವರದಿ ಮಾಡಬೇಕು, ಪ್ರಾಣಿಯನ್ನು ಬೇರೆ ಕಟ್ಟಬೇಕು, ರೋಗ ಬಿದ್ದದ್ದನ್ನು ಸಂತೆಗೆ ಒಯ್ಯಕೂಡದು. ಪೊಲೀಸರು ಬಂದು ಹಿಡಿಯಲಿ ಎಂದು ನಾನು ಕಾಯುತ್ತಿಲ್ಲ. ಪಕ್ಕದ ಮನೆಯವರ ಮುಖ ನೋಡಿ ನಾವೇ ಮಾಡಬೇಕಾದ ಕೆಲಸ ಇದು. ಹಾಗೆಂದು ಸರ್ಕಾರವನ್ನು ಬಿಡಲಾಗದು. ಡಾಕ್ಟರಿಲ್ಲದ ಪಶು ಆಸ್ಪತ್ರೆ ಇಟ್ಟುಕೊಂಡು ವರದಿ ಮಾಡಿ ಎಂದರೆ ಜನ ಯಾರಿಗೆ ಮಾಡಬೇಕು?

ನಮ್ಮ ಅಜ್ಜಂದಿರ ಕಾಲಕ್ಕೆ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಹೊಕ್ಕರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಆ ರೋಗ ಇಂದು ಭೂಮಿಯ ಮೇಲಿಲ್ಲ. 2011ರಲ್ಲಿ ಜಗತ್ತೇ ಅದನ್ನು ಘೋಷಿಸಿತು. ಲಸಿಕೆ ಹಾಕಿದವರು, ರೋಗ ಕಂಡ ಕೂಡಲೇ ಬಾಯಿಬಿಟ್ಟು ಹೇಳಿದವರು ಸೇರಿ ಅದನ್ನು ಓಡಿಸಿದರು. ಪಿಪಿಆರ್ ಅದರ ದಾಯಾದಿ. 2030ರೊಳಗೆ ಇದನ್ನೂ ತೊಲಗಿಸುವ ಗುರಿ ಇದೆ. ಲಸಿಕೆ ನಮ್ಮ ದೇಶದಲ್ಲೇ ತಯಾರಾಗುತ್ತದೆ, ಒಮ್ಮೆ ಹಾಕಿಸಿದರೆ ಮೂರು ವರ್ಷವಾದರೂ ರಕ್ಷಣೆ.

ಕೊಳ್ಳುವವರೇ, ಹಲ್ಲು ನೋಡುವಾಗ ಒಸಡನ್ನೂ ನೋಡಿ. ಬಾಲ ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿ. ಲಸಿಕೆ ಯಾವಾಗ ಆಯಿತು, ಆ ಹಟ್ಟಿಯಲ್ಲಿ ಈಚೆಗೆ ಯಾವುದಾದರೂ ಸತ್ತಿದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಸಾಕಲು ತಂದ ಕುರಿಯನ್ನು 21 ದಿನ ಮನೆಯ ಇನ್ನೊಂದು ಮಗ್ಗುಲಲ್ಲಿ ಕಟ್ಟಿ, ಬೇರೆ ಬಕೆಟ್ ಇಡಿ, ನಿಮ್ಮ ಪ್ರಾಣಿಗಳ ಕೆಲಸವೆಲ್ಲ ಮುಗಿದ ಮೇಲೆ ಅದರ ಹತ್ತಿರ ಹೋಗಿ. ಊರಿನ ಬ್ಯಾಣಕ್ಕೆ ಅಷ್ಟು ದಿನ ಬಿಡಬೇಡಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ದಿನ ಗೊತ್ತಾಗುವುದೂ ಬಹಳ ಮುಂಚೆಯೇ. ಜಾತ್ರೆ ಸಮಿತಿಗಳೂ ಪಂಚಾಯಿತಿಗಳೂ ಪಶು ಇಲಾಖೆಯವರನ್ನು ಕರೆಸಿ, ಕುರಿ ಇಳಿಯುವ ಜಾಗದಲ್ಲಿ ತಪಾಸಣೆಗೆ ಒಂದು ಮೇಜು ಹಾಕಿಸುವುದು ಕಷ್ಟದ ಕೆಲಸವಲ್ಲ. ಮತ್ತು ಇವತ್ತು, ಈ ಕ್ಷಣ ನಿಮ್ಮ ಹಟ್ಟಿಯಲ್ಲಿ ಒಂದು ಕುರಿ ಮೇವು ಬಿಟ್ಟು ತಲೆ ತಗ್ಗಿಸಿ ನಿಂತಿದ್ದರೆ, ದಲ್ಲಾಳಿಗೆ ಮಾಡುವ ಫೋನನ್ನು ಪಶು ಸಹಾಯವಾಣಿ 1962ಕ್ಕೆ ಮಾಡಿ, ಆಮೇಲೆ ಪಕ್ಕದ ಮನೆಗೆ ಹೋಗಿ ಹೇಳಿ.