‘ತಮ್ಮಾ, ಸಾವಕಾಶ ಹೊಡಿ’ ಅನ್ನಲು ನಮಗೇಕೆ ಬಾಯಿ ಬರುವುದಿಲ್ಲ?

ಹೋದ ತಿಂಗಳು ಕಮಲಾಪುರದಿಂದ ಕಲಬುರಗಿಗೆ ಕ್ರೂಸರ್‌ನಲ್ಲಿ ಹೊರಟಿದ್ದೆ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಹಿಂದಿನ ಬಾಗಿಲಿಗೆ ಇಬ್ಬರು ಹುಡುಗರು ಜೋತು ಬಿದ್ದಿದ್ದರು. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಯಾರದೋ ಜೊತೆ ಬಾಡಿಗೆ ವ್ಯವಹಾರ ಮಾತಾಡುತ್ತಿದ್ದ. ಮಹಾಗಾಂವ್ ಕ್ರಾಸ್ ಹತ್ತಿರ ಎದುರಿಗೆ ಲಾರಿ ಬರುತ್ತಿದ್ದರೂ ಟ್ರ್ಯಾಕ್ಟರ್ ಒಂದನ್ನು ಓವರ್‌ಟೇಕ್ ಮಾಡಿದ. ಎಲ್ಲರೂ ಒಮ್ಮೆ ಉಸಿರು ಬಿಗಿಹಿಡಿದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಾದೆವು. ನಾನೂ ಸುಮ್ಮನೇ ಇದ್ದೆ.

ಮಾತಾಡಿದ್ದು ನಡುವಿನ ಸೀಟಿನಲ್ಲಿ ಕುಂತಿದ್ದ ಒಬ್ಬ ಅಜ್ಜಿ. ‘ಯಪ್ಪಾ, ಫೋನ್ ಕೆಳಗ ಇಡು. ಇಲ್ಲಾಂದ್ರ ಗಾಡಿ ನಿಲ್ಸು, ನಾ ಇಳೀತೀನಿ’ ಅಂದಳು. ಆಗ ಉಳಿದವರಿಗೂ ಬಾಯಿ ಬಂತು. ಡ್ರೈವರ್ ಗೊಣಗಿದ, ಆದರೆ ಫೋನ್ ಇಟ್ಟ. ಕಲಬುರಗಿ ತಲುಪುವವರೆಗೂ ಅದನ್ನು ಮುಟ್ಟಲಿಲ್ಲ.

ಆ ಅಜ್ಜಿ ಮಾಡಿದ ಕೆಲಸವನ್ನೇ ಆಫ್ರಿಕಾದ ಕೀನ್ಯಾದಲ್ಲಿ ಸಾವಿರಾರು ಗಾಡಿಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ ಎಂಬುದನ್ನು ನಾನು ಓದಿದ್ದು ಆಮೇಲೆ.

ಅಲ್ಲಿ ‘ಮಟಾಟು’ ಅಂತ ಗಾಡಿಗಳಿವೆ. ಹದಿನಾಲ್ಕು ಸೀಟಿನ ಖಾಸಗಿ ವ್ಯಾನು. ನಮ್ಮ ಕ್ರೂಸರ್, ಟಂಟಂಗಳ ಅಣ್ಣತಮ್ಮ ಅಂದುಕೊಳ್ಳಿ. ಟ್ರಿಪ್ ಹೆಚ್ಚಾದರೆ ದುಡ್ಡು ಹೆಚ್ಚು, ಹಾಗಾಗಿ ಓಟವೋ ಓಟ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜೇಮ್ಸ್ ಹಬ್ಯಾರಿಮಾನಾ ಮತ್ತು ವಿಲಿಯಂ ಜ್ಯಾಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಈ ಗಾಡಿಗಳ ಒಳಗೆ ಸ್ಟಿಕರ್ ಹಚ್ಚಿಸಿದರು. ಸ್ಟಿಕರ್ ಇದ್ದದ್ದು ಡ್ರೈವರ್‌ಗಲ್ಲ, ಪ್ರಯಾಣಿಕರಿಗೆ. ಗಾಡಿ ಅಡ್ಡಾದಿಡ್ಡಿ ಓಡಿಸಿದರೆ ಸುಮ್ಮನೆ ಕೂಡಬೇಡಿ, ಬಾಯಿ ಬಿಡಿ ಅನ್ನುವುದೇ ಅದರ ಸಾರ. ಕೆಲವು ಗಾಡಿಗೆ ಹಚ್ಚಿದರು, ಕೆಲವಕ್ಕೆ ಹಚ್ಚಲಿಲ್ಲ. ಯಾವ ಗಾಡಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಆಮೇಲೆ ವಿಮೆ ಕಂಪನಿಗಳಿಗೆ ಬಂದ ಅಪಘಾತದ ಕ್ಲೇಮುಗಳನ್ನು ಎಣಿಸಿದರು. 2011ರಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ ಸ್ಟಿಕರ್ ಇದ್ದ ಗಾಡಿಗಳ ಕ್ಲೇಮು ಅರ್ಧಕ್ಕೆ ಇಳಿದಿತ್ತು. ಯಾರೂ ಸುಲಭಕ್ಕೆ ನಂಬಲಿಲ್ಲವೇನೋ, ಮತ್ತೆ ಸುಮಾರು 12 ಸಾವಿರ ಗಾಡಿಗಳಲ್ಲಿ ಮಾಡಿದರು. 2015ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ ನೂರಕ್ಕೆ 25ರಿಂದ 33ರಷ್ಟು ಕಡಿಮೆ. ‘ಝೂಶಾ’ ಅಂತ ಆ ಅಭಿಯಾನದ ಹೆಸರು. ಸ್ವಾಹಿಲಿ ಭಾಷೆಯಲ್ಲಿ ವಿರೋಧಿಸು, ದನಿ ಎತ್ತು ಅಂತ ಅರ್ಥ.

ಇನ್ನೊಂದು ಜಾಣತನವೂ ಅದರಲ್ಲಿತ್ತು. ತನ್ನನ್ನೇ ಬೈಯಿಸುವ ಸ್ಟಿಕರನ್ನು ಯಾವ ಡ್ರೈವರ್ ಇಟ್ಟುಕೊಳ್ಳುತ್ತಾನೆ? ಎರಡನೇ ದಿನಕ್ಕೆ ಕಿತ್ತು ಬಿಸಾಡುತ್ತಾನೆ. ಅದಕ್ಕೆ ಲಾಟರಿ ಇಟ್ಟರು. ಸ್ಟಿಕರ್ ಹಾಗೇ ಇಟ್ಟುಕೊಂಡ ಡ್ರೈವರ್‌ಗೆ ನಂಬರ್ ಬಂದರೆ ಬಹುಮಾನ.

ನಮಗಿದು ಬೇಕಾ? 2022ರ ಜೂನ್ 3 ನೆನಪಿಸಿಕೊಳ್ಳಿ. ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ಬೆಳಿಗ್ಗೆ ಇದೇ ಕಮಲಾಪುರದ ಹತ್ತಿರ ಗೂಡ್ಸ್ ಗಾಡಿಗೆ ಡಿಕ್ಕಿ ಹೊಡೆದು, ಸೇತುವೆಯಿಂದ ಕೆಳಗೆ ಬಿದ್ದು ಹೊತ್ತಿ ಉರಿಯಿತು. ಪ್ರವಾಸ ಮುಗಿಸಿ ಮನೆಗೆ ಹೊರಟಿದ್ದವರು, ಕನಿಷ್ಠ ಏಳು ಮಂದಿ ಸುಟ್ಟು ಸತ್ತರು. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ನುಗ್ಗಿತು. ಬಾಗಲಕೋಟೆಯಿಂದ ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾಕ್ಕೆ ಬರುತ್ತಿದ್ದವರಲ್ಲಿ ಐವರು ಅಲ್ಲೇ ಹೋದರು. ಇವು ಪೇಪರಿನ ಮೊದಲ ಪುಟಕ್ಕೆ ಬಂದವು. ಬೈಕ್ ಜಾರಿ ಸತ್ತವರು, ಹೊಲದಿಂದ ಮನೆಗೆ ಬರುವಾಗ ರಸ್ತೆ ದಾಟುತ್ತ ಸತ್ತವರು ಒಳಪುಟದಲ್ಲಿ ನಾಲ್ಕು ಸಾಲು. ಕೇಂದ್ರ ಸರ್ಕಾರದ ಲೆಕ್ಕದಲ್ಲೇ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಅದರಲ್ಲಿ ನೂರಕ್ಕೆ ಸುಮಾರು 68 ಸಾವು ಹಳ್ಳಿಗಾಡಿನಲ್ಲಿ. ಅಂದರೆ ನಮ್ಮ ಕಡೆ.

ನಸುಕಿನ ಮೂರು-ನಾಲ್ಕು ಗಂಟೆಗೆ ನಿದ್ದೆಯಲ್ಲಿರುವ ಪ್ರಯಾಣಿಕ ಏನು ದನಿ ಎತ್ತುತ್ತಾನೆ ಅಂತ ನೀವು ಕೇಳಬಹುದು. ನಿಜ. ದೀಪವಿಲ್ಲದೆ ರಸ್ತೆ ಬದಿಗೆ ನಿಲ್ಲಿಸಿದ ಲಾರಿಯನ್ನು ಯಾವ ಸ್ಟಿಕರೂ ಸರಿಸುವುದಿಲ್ಲ. ಅದು ಪೊಲೀಸರ, ಹೆದ್ದಾರಿಯವರ ಕೆಲಸ, ಅವರನ್ನು ಬಿಡುವ ಮಾತೇ ಇಲ್ಲ. ರಸ್ತೆ ಸರಿಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಆಫ್ರಿಕಾದಲ್ಲೇ ಲೆಕ್ಕ ಇದೆ. ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ ಅಮೆಂಡ್ ಎಂಬ ಸಂಸ್ಥೆ ಶಾಲೆಗಳ ಮುಂದೆ ಫುಟ್‌ಪಾತ್, ಹಂಪ್, ದಾಟುವ ಪಟ್ಟಿ ಮಾಡಿಸಿತು. ಮಕ್ಕಳಿಗೆ ಆಗುವ ಗಾಯ ನೂರಕ್ಕೆ 26ರಷ್ಟು ಇಳಿಯಿತು. ಇದೂ ಬೇಕು. ಆದರೆ ಹಂಪ್‌ಗೆ ಟೆಂಡರ್ ಆಗಬೇಕು, ಫೈಲ್ ಓಡಾಡಬೇಕು. ನಾಳೆ ಬೆಳಿಗ್ಗೆ ಗಾಡಿ ಹತ್ತುವವರ ಹತ್ತಿರ ಇರುವುದು ಬಾಯಿ ಒಂದೇ.

ಆ ಬಾಯಿ ಏಕೆ ತೆರೆಯುವುದಿಲ್ಲ? ಡ್ರೈವರ್ ನಮ್ಮೂರವನೇ ಇರುತ್ತಾನೆ, ಸಂಬಂಧಿಕನೂ ಆಗಿರಬಹುದು, ಮುಖ ಕೆಡಿಸಿಕೊಳ್ಳುವುದು ಬೇಡ ಅನಿಸುತ್ತದೆ. ‘ಅಷ್ಟು ಭಯ ಇದ್ರ ಇಳಿರಿ’ ಅಂದರೆ ನಡುದಾರಿಯಲ್ಲಿ ಇನ್ನೊಂದು ಗಾಡಿ ಸಿಗುವುದಿಲ್ಲ. ಹೆಣ್ಣುಮಕ್ಕಳಿಗಂತೂ ಇನ್ನೊಂದು ಕಷ್ಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವರದೇ ಸಂಖ್ಯೆ ಹೆಚ್ಚು. ಯಾರಾದರೂ ಮಾತಾಡಿದರೆ ಪಕ್ಕದ ಸೀಟಿನವರೇ ‘ಪುಕ್ಕಟೆ ಬಂದೀರಿ, ಸುಮ್ಮ ಕೂಡ್ರಿ’ ಅನ್ನುವುದನ್ನು ಕೇಳಿದ್ದೇನೆ. ಶೂನ್ಯ ಟಿಕೆಟ್ ಅಂದರೆ ಜೀವವೂ ಶೂನ್ಯವೇ? ಸ್ಟಿಕರಿನ ಉಪಯೋಗ ಇರುವುದೇ ಇಲ್ಲಿ ಅಂತ ನನಗನಿಸುತ್ತದೆ. ‘ನಾ ಹೇಳ್ತಿಲ್ಲಪ್ಪಾ, ಅಲ್ಲಿ ಬರದದ ನೋಡು’ ಅನ್ನಲು ಒಂದು ಆಸರೆ ಸಿಗುತ್ತದೆ.

ಇನ್ನು ನಮ್ಮದೇ ತಪ್ಪು. ‘ಜಲ್ದಿ ಹೊಡಿಯೋ, ಕಾಲೇಜಿಗೆ ಟೈಮ್ ಆತು’ ಅನ್ನುವವರೂ ನಾವೇ. ಕಮಲಾಪುರದಿಂದ ಕಲಬುರಗಿ ಸುಮಾರು 36 ಕಿಲೋಮೀಟರ್. ಗಂಟೆಗೆ 60ರಲ್ಲಿ ಹೋದರೆ 36 ನಿಮಿಷ, 80ರಲ್ಲಿ ಹೋದರೆ 27. ಉಳಿಯುವುದು ಒಂಬತ್ತು ನಿಮಿಷ. ಹುಮನಾಬಾದ್ ರಿಂಗ್ ರೋಡ್ ಕಡೆ ಟ್ರಾಫಿಕ್‌ನಲ್ಲಿ ಸಿಕ್ಕರೆ ಅದೂ ಹೋಯಿತು. ಆದರೆ 80ರಲ್ಲಿ ಡಿಕ್ಕಿಯಾದರೆ ಬೀಳುವ ಹೊಡೆತ 60ರದ್ದಕ್ಕಿಂತ ಮುಕ್ಕಾಲು ಪಾಲು ಹೆಚ್ಚು, ವೇಗದ ವರ್ಗದ ಲೆಕ್ಕ ಅದು, ಹೈಸ್ಕೂಲಿನಲ್ಲಿ ಓದಿದ್ದೇ.

ಕಲಬುರಗಿ ಆರ್‌ಟಿಒದವರು ಎಫ್‌ಸಿಗೆ ಬಂದ ಪ್ರತಿ ಕ್ರೂಸರ್, ಟಂಟಂ, ಬಸ್ಸಿನ ಒಳಗೆ ಇಂಥ ಒಂದು ಸ್ಟಿಕರ್ ಹಚ್ಚಿ ಕಳಿಸಲಿ. ಡ್ರೈವರ್ ಸೀಟಿನ ಬೆನ್ನಿಗೆ, ಕುಂತವರ ಕಣ್ಣಿಗೆ ಬೀಳುವ ಹಾಗೆ. ಕನ್ನಡದಲ್ಲಿ, ಉರ್ದುವಿನಲ್ಲಿ, ಕೆಳಗೆ 112 ನಂಬರ್. ‘ಅತಿವೇಗ ಅಪಘಾತಕ್ಕೆ ಆಹ್ವಾನ’ ಅನ್ನುವ ಗೋಡೆಬರಹದ ಭಾಷೆ ಬೇಡ, ಅದನ್ನು ಓದಿ ಯಾರೂ ಬಾಯಿ ತೆರೆದದ್ದಿಲ್ಲ. ನಾವು ಮಾತಾಡುವ ಹಾಗೇ ಇರಲಿ. ‘ಅಂಜಿಕಿ ಆಗ್ಲತ್ತದೇನು? ಎಲ್ಲರೂ ಕೂಡಿ ಹೇಳ್ರಿ: ತಮ್ಮಾ, ಸಾವಕಾಶ ಹೊಡಿ.’ ಆರ್‌ಟಿಒ ಮಾಡುವವರೆಗೆ ಕಾಯಬೇಕಿಲ್ಲ, ಊರಿನ ಯುವಕ ಸಂಘದವರು ಒಂದು ಫ್ಲೆಕ್ಸ್ ಬ್ಯಾನರಿನ ದುಡ್ಡಿನಲ್ಲಿ ತಮ್ಮ ಊರಿನ ಅಷ್ಟೂ ಗಾಡಿಗೆ ಹಚ್ಚಬಹುದು. ವರ್ಷಪೂರ್ತಿ ಉಳಿಸಿಕೊಂಡ ಡ್ರೈವರ್‌ಗೆ ಜಾತ್ರೆಯಲ್ಲಿ ಒಂದು ಶಾಲು, ಒಂದು ಟೈರು ಕೊಟ್ಟರೂ ನಡೆಯುತ್ತದೆ. ಟೈರು ಕೊಟ್ಟರೆ ಒಳ್ಳೆಯದು.

ಇದನ್ನೆಲ್ಲ ಕಮಲಾಪುರ ಸ್ಟ್ಯಾಂಡಿನಲ್ಲಿ ಒಬ್ಬ ಕ್ರೂಸರ್ ಡ್ರೈವರ್ ಅಣ್ಣನಿಗೆ ಹೇಳಿದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಚಹಾ ಕುಡಿದು ಮುಗಿಸುವವರೆಗೆ ಸುಮ್ಮನಿದ್ದು, ‘ಹಚ್ಚರಿ, ನಂದೇನೂ ಇಲ್ಲ. ಜಲ್ದಿ ಹೊಡಿ ಅಂತ ಬೆನ್ನಿಗೆ ಬಡಿಯೋರಿಗೂ ಒಂದು ಹಚ್ಚರಿ’ ಅಂದ.