ಬಣ್ಣದ ನಕಾಶೆಯೂ ಕಲ್ಲಿನ ಸಾಕ್ಷ್ಯವೂ

ಪ್ರಾಚೀನ ಅರಸರ ಅಧಿಕಾರವು ಎಲ್ಲಿಯವರೆಗೆ ಹಬ್ಬಿದ್ದಿತೆಂಬುದನ್ನು ಗಣಕಯಂತ್ರದ ನಕಾಶೆಯಿಂದ ತಿಳಿಯಬೇಕೆಂಬ ಉತ್ಸಾಹವು ಈಚೆಗೆ ನಮ್ಮ ವಿದ್ಯಾವಂತರಲ್ಲಿ ಮೂಡಿದೆ. ಉತ್ಸಾಹವು ಮೆಚ್ಚತಕ್ಕದ್ದೇ. ಆದರೆ ಶಾಸನ ದೊರೆತ ಊರುಗಳಿಗೆ ಚುಕ್ಕೆಯಿಟ್ಟು, ಚುಕ್ಕೆಗಳ ಸುತ್ತ ಗೆರೆಯೆಳೆದು, ಒಳಗೆಲ್ಲ ಬಣ್ಣ ಬಳಿದು, ಇದೇ ಅಳಂದೆನಾಡು ಎಂದು ಸಾರುವವರೊಡನೆ ನನಗೆ ಜಗಳವುಂಟು.

ಇಂದಿನ ಆಳಂದದ ಸೀಮೆಗೆ ಶಾಸನಗಳಲ್ಲಿ ಅಳಂದೆ 1000 ಎಂಬ ಹೆಸರಿದೆ. ಆ ಸಾವಿರವೆಂದರೇನು? ಊರುಗಳ ಎಣಿಕೆಯೆಂದು ಕೆಲವರು, ತೆರಿಗೆಯ ಮೊತ್ತವೆಂದು ಕೆಲವರು. ವಿದ್ವಾಂಸರ ವಾದವು ಇನ್ನೂ ಮುಗಿದಿಲ್ಲ. ಊರುಗಳೆಂದೇ ಹಿಡಿಯುವುದಾದರೆ ಗಂಗವಾಡಿ 96000ದ ಗತಿಯೇನು? 2011ರ ಜನಗಣತಿಯಂತೆ ಇಡೀ ಕರ್ನಾಟಕದ ಗ್ರಾಮಗಳೇ 30000ಕ್ಕೆ ಕಡಿಮೆ! ಅರ್ಥವೇ ನಿಶ್ಚಯವಾಗದ ಸಂಖ್ಯೆಗೆ ಎಲ್ಲೆ ಹಾಕುವ ಧೈರ್ಯವು ಯಂತ್ರಕ್ಕುಂಟು, ನಮಗಿರಬಾರದು. ಇಷ್ಟಲ್ಲದೆ, ಚಾಲುಕ್ಯರ ಕಾಲದ ದಾನಶಾಸನವನ್ನು ಓದಿದವರು ಬಲ್ಲರು: ಮೊದಲಿಗೆ ಚಕ್ರವರ್ತಿಯ ಸ್ತುತಿ, ಮುಂದೆ ಮಹಾಮಂಡಲೇಶ್ವರ, ಆಮೇಲೆ ಸುಂಕದ ಅಧಿಕಾರಿ, ಊರ ಗಾವುಂಡ, ಅಗ್ರಹಾರದ ಮಹಾಜನರು. ಒಂದೇ ಹೊಲದ ಮೇಲೆ ಇಷ್ಟು ಜನರ ಹಕ್ಕು. ಇವರೆಲ್ಲರನ್ನೂ ಒಂದೇ ಬಣ್ಣದಲ್ಲಿ ಅದ್ದಿದರೆ ಚಕ್ರವರ್ತಿಯೊಬ್ಬನೇ ತೇಲುತ್ತಾನೆ, ಉಳಿದವರು ಮುಳುಗುತ್ತಾರೆ.

ಇನ್ನು ಚುಕ್ಕೆಯ ಮಾತು. ಭೀಮಾತೀರದ ಸನ್ನತಿಯಲ್ಲಿ ಅಶೋಕನ ಶಾಸನಗಳುಳ್ಳ ಶಿಲೆಯು 1980ರ ದಶಕದಲ್ಲಿ ಬೆಳಕಿಗೆ ಬಂದಾಗ, ಅದು ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದಿತು. ಆ ಕಲ್ಲು ಮೊದಲು ನಿಂತ ನೆಲವಾವುದು? ಗುಡಿಗೆ ಚುಕ್ಕೆಯಿಟ್ಟರೆ ತಿಳಿಯುವುದು ಗುಡಿ ಕಟ್ಟಿದವರ ಅನುಕೂಲವೇ ಹೊರತು ಅಶೋಕನ ಉದ್ದೇಶವಲ್ಲ.

ಕೋಟೆಗೋಡೆಗಳು ಉಳಿದಿರುವಲ್ಲಿ ನಕಾಶೆಯು ಉಪಕಾರಿ, ಇದನ್ನು ಅಲ್ಲಗಳೆಯಲಾರೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ, ಮೂರು ಕಡೆ ಗೋಡೆ, ಒಂದು ಕಡೆ ಭೀಮೆಯಿರುವ ಫಿರೋಜಾಬಾದಿನ ವಿನ್ಯಾಸವನ್ನು ಮಿಚೆಲ್ ಮತ್ತು ಈಟನ್ ಎಂಬ ವಿದ್ವಾಂಸರು ನೆಲದ ಮೇಲೆ ನಡೆದು ಅಳೆದು 1992ರಲ್ಲಿ ಪ್ರಕಟಿಸಿದರು. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾಹ ಬಹಮನಿಯ ಅರಮನೆ ಎಲ್ಲಿ, ಮಸೀದಿ ಎಲ್ಲಿ ಎಂಬುದು ಅದರಿಂದ ತಿಳಿಯಿತು. ಆದರೆ ಎದುರು ದಡದ ರೈತನು ಕಂದಾಯವನ್ನು ಯಾರಿಗೆ ತೆತ್ತನೆಂಬುದನ್ನು ಗೋಡೆ ಹೇಳದು. ಆಫ್ರಿಕದ ಯೊರುಬಾ ದೇಶದಲ್ಲಿ ಇಜೆಬು ಸೀಮೆಯನ್ನು ಸುತ್ತಿದ ಎರೆಡೊ ಎಂಬ ಮಣ್ಣಿನ ಕೋಟೆ, ಕಂದಕಗಳು ಸುಮಾರು 160 ಕಿಲೋಮೀಟರು ಉದ್ದವಿವೆ. ಅಲ್ಲಿನವರಿಗೆ ನಮ್ಮಂತೆ ಶಿಲಾಶಾಸನಗಳ ರಾಶಿಯಿಲ್ಲ, ಮಣ್ಣನ್ನೇ ಓದಬೇಕಾಗಿದೆ. ಅಕ್ಷರವುಳ್ಳ ನಾವು ಅಕ್ಷರವನ್ನು ಬಿಟ್ಟು ಬಣ್ಣವನ್ನು ಹಿಡಿಯುವುದು ಯಾವ ನ್ಯಾಯ?

ದಾನಶಾಸನಗಳಲ್ಲಿ ಹೊಲದ ಎಲ್ಲೆಗಳನ್ನು ಹೇಳಿರುತ್ತದೆ: ಮೂಡಲಿಗೆ ಹಳ್ಳ, ತೆಂಕಲಿಗೆ ಹೆದ್ದಾರಿ, ಪಡುವಲಿಗೆ ನಟ್ಟ ಕಲ್ಲು. ನಿಜವಾದ ನಕಾಶೆ ಇದೇ. ಆಳಂದ, ಅಫಜಲಪುರ, ಜೇವರ್ಗಿಯ ಹಿರಿಯರಿಗೆ ಹಳ್ಳ, ಮರಡಿ, ಹೊಲಗಳ ಹಳೆಯ ಹೆಸರು ಇನ್ನೂ ನೆನಪಿದೆ. ಅವರ ಮಕ್ಕಳಿಗೆ ಇರಲಾರದು. ಸೊನ್ನದ ಬ್ಯಾರೇಜಿನ ಹಿನ್ನೀರು ಆಗಲೇ ಭೀಮೆಯ ಅಂಚನ್ನು ಬದಲಿಸಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ತಮ್ಮ ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸೆರೆಹಿಡಿಯುತ್ತಿರುವಾಗ ನಾವು ಬಣ್ಣದ ಕುಂಚ ಹಿಡಿದು ಕುಳಿತಿದ್ದೇವೆ. ಅಕ್ಷಾಂಶ ರೇಖಾಂಶಗಳನ್ನು ಕೈಯಲ್ಲಿನ ಮೊಬೈಲೇ ಹೇಳುತ್ತದೆ. ಕಲ್ಲು ಮೂಲಸ್ಥಳದಲ್ಲಿದೆಯೋ, ಸಾಗಿಸಿದ್ದೋ; ದಾನ ಕೊಟ್ಟವರಾರು, ಒಪ್ಪಿದವರಾರು; ಎಲ್ಲೆಗಳು ಇಂದು ಎಲ್ಲಿವೆ: ಇಷ್ಟನ್ನು ಕಲ್ಲುಕಲ್ಲಿಗೂ ಬರೆದಿಡಲಿ. ಆವರೆಗೆ ಈ ಮೂರು ತಾಲ್ಲೂಕುಗಳ ನಕಾಶೆ ಬಿಳಿಯದಾಗಿಯೇ ಇರಲೆಂದು ನಮ್ಮ ಸಂಘದ ಸದಸ್ಯರನ್ನು ಕೇಳಿಕೊಳ್ಳುತ್ತೇನೆ.