ಹಾನ್ ನದಿ ಕಂಡವರಿಗೆ ಕೊರಿಯದ ಹೈಸ್ಕೂಲು ಕಾಣಲಿಲ್ಲವೇ?

ಹೈದರಾಬಾದಿನ ಮೂಸಿ ನದಿಯನ್ನು ಸೋಲ್ ನಗರದ ಹಾನ್ ನದಿಯಂತೆ ಮಾಡುತ್ತೇವೆಂದು 2024ರ ಅಕ್ಟೋಬರಿನಲ್ಲಿ ತೆಲಂಗಾಣದ ಮಂತ್ರಿಗಳು, ಅಧಿಕಾರಿಗಳು ದಕ್ಷಿಣ ಕೊರಿಯಕ್ಕೆ ಹೋಗಿ ಬಂದರು. ಮೂಸಿಗೆ ಒಂದೂವರೆ ಲಕ್ಷ ಕೋಟಿ ರೂಪಾಯಿ ಎಂಬ ಮಾತು ಮುಖ್ಯಮಂತ್ರಿಗಳ ಬಾಯಿಂದಲೇ ಬಂದಿತ್ತು. ನದಿಗೆ ಕೊರಿಯ ಮಾದರಿ ಆಗುತ್ತದೆ. ಶಾಲೆಯ ಮಾತು ಎತ್ತಿದರೆ ಮಾತ್ರ ಅದೇ ಜನ ರಾಗ ಬದಲಿಸುತ್ತಾರೆ: ‘ದುಡ್ಡು ಸುರಿದರೆ ವಿದ್ಯೆ ಬರುವುದಿಲ್ಲ, ಕೊರಿಯದವರ ಶಿಸ್ತೇ ಬೇರೆ.’

ಶಿಸ್ತಂತೆ! ಕೊರಿಯದ ಶಿಸ್ತು ಮೊದಲು ಖಜಾನೆಯಲ್ಲಿದೆ. ಅಲ್ಲಿನ ಕೇಂದ್ರ ಸರ್ಕಾರದ ಆಂತರಿಕ ತೆರಿಗೆ ವರಮಾನದಲ್ಲಿ ಶೇ 20.79ರಷ್ಟು ಸ್ಥಳೀಯ ಶಿಕ್ಷಣ ಕಚೇರಿಗಳಿಗೆ ಹೋಗಲೇಬೇಕೆಂದು ಕಾನೂನೇ ಇದೆ. ಹಣಕಾಸು ಮಂತ್ರಿಯ ಮರ್ಜಿ ಕಾಯಬೇಕಿಲ್ಲ. ಅದೂ ಶಾಲೆಗಳ ಹಣ, ವಿಶ್ವವಿದ್ಯಾಲಯಗಳ ಲೆಕ್ಕ ಬೇರೆ. ಇಲ್ಲಿ? 2025-26ರ ತೆಲಂಗಾಣ ಬಜೆಟ್ 3,04,965 ಕೋಟಿ, ಶಿಕ್ಷಣಕ್ಕೆ 23,108 ಕೋಟಿ. ವಿಶ್ವವಿದ್ಯಾಲಯಗಳನ್ನೂ ಸೇರಿಸಿ ಶೇ 7.58. 2023ರ ಚುನಾವಣಾ ಪ್ರಣಾಳಿಕೆಯಲ್ಲಿ ಆಳುವ ಪಕ್ಷ ಕೊಟ್ಟ ಮಾತು ಶೇ 15. ಎರಡು ದೇಶಗಳ ಲೆಕ್ಕದ ರೀತಿ ಬೇರೆ ಎಂದು ತಕರಾರು ತೆಗೆಯುವವರು ಕೊರಿಯವನ್ನು ಬದಿಗಿಡಲಿ, ತಮ್ಮದೇ ಹದಿನೈದಕ್ಕೆ ಉತ್ತರ ಹೇಳಲಿ.

ಬರೀ ಹೈದರಾಬಾದಿನ ತಪ್ಪೂ ಅಲ್ಲ. ರಾಷ್ಟ್ರೀಯ ವರಮಾನದ ಶೇ 6ರಷ್ಟು ಶಿಕ್ಷಣಕ್ಕೆ ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಆರನ್ನು ಮತ್ತೆ ಬರೆದುಕೊಂಡಿತು. ಬರೆದದ್ದೇ ಬಂತು.

ಏಟು ಬೀಳುವುದು ಹೈಸ್ಕೂಲಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ, ಎಂಟನೇ ತರಗತಿಗೆ ನಿಂತುಬಿಡುತ್ತದೆ. ಕೇಂದ್ರದ ಬಿಸಿಯೂಟದ ದುಡ್ಡೂ ಎಂಟಕ್ಕೇ ಮುಗಿಯುತ್ತದೆ. ಒಂಬತ್ತು, ಹತ್ತರ ಮಕ್ಕಳಿಗೆ ರಾಜ್ಯ ತನ್ನ ಕೈಯಿಂದ ಹಾಕಬೇಕು. ಎಂಟರ ಹುಡುಗಿಗೆ ಹಕ್ಕಿದೆ, ಒಂಬತ್ತಕ್ಕೆ ಕಾಲಿಟ್ಟ ಅವಳಿಗೇ ಇಲ್ಲ. ಯಾವ ನ್ಯಾಯ ಇದು? 2021-22ರಲ್ಲಿ ದೇಶದ ಪ್ರೌಢಶಾಲಾ ಹಂತದಲ್ಲಿ ಶಾಲೆ ಬಿಟ್ಟವರು ಶೇ 12.6 ಎಂದು ಸರ್ಕಾರದ್ದೇ ಅಂಕಿಅಂಶ ಹೇಳುತ್ತದೆ. ಎಂಟು ಮಕ್ಕಳಲ್ಲಿ ಒಬ್ಬರು. 1953ರಲ್ಲಿ ಯುದ್ಧ ಮುಗಿದಾಗ ಬೂದಿಯಾಗಿದ್ದ ಕೊರಿಯ 2004ರ ಹೊತ್ತಿಗೆ ಮಿಡಲ್ ಸ್ಕೂಲನ್ನೂ 2021ರ ಹೊತ್ತಿಗೆ ಹೈಸ್ಕೂಲನ್ನೂ ಉಚಿತ ಮಾಡಿತು. ಅಲ್ಲಿಯೂ ಟ್ಯೂಷನ್ ಹುಚ್ಚಿದೆ, ನಿಜ. ಆದರೆ ಟ್ಯೂಷನ್ನಿಗೆ ಹೋಗುವ ಮಗುವಿಗೂ ಅಲ್ಲಿ ಮೊದಲು ಒಂದು ಶಾಲೆ ಇದೆ.

ನಮ್ಮಲ್ಲಿ ಸರ್ಕಾರ ಕೈಬಿಟ್ಟ ಜಾಗ ಯಾರ ಪಾಲಾಯಿತೆಂದು ನೋಡಬೇಕಾದರೆ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲೋ ದಿಲ್‌ಸುಖ್‌ನಗರದಲ್ಲೋ ಬಸ್ಸಿಳಿಯಿರಿ. ಖಾಸಗಿ ಕೋಚಿಂಗ್ ಸಂಸ್ಥೆಯ ಕಟ್ಟಡದ ಮೂರು ಮಹಡಿ ಮುಚ್ಚುವ ಫ್ಲೆಕ್ಸ್, ಅದರ ತುಂಬ ಸಾಲುಸಾಲು ಮಕ್ಕಳ ಪಾಸ್‌ಪೋರ್ಟ್ ಫೋಟೊ, ಪ್ರತಿ ಮುಖದ ಕೆಳಗೆ ಕೆಂಪಕ್ಷರದಲ್ಲಿ ರ‍್ಯಾಂಕು. ರ‍್ಯಾಂಕು ಬಾರದ ಮಕ್ಕಳ ಫೋಟೊ ಯಾವ ಗೋಡೆಯ ಮೇಲೂ ಇಲ್ಲ. ಅವರ ಅಪ್ಪ ಅಮ್ಮಂದಿರೂ ಸಾಲ ಮಾಡಿ ಫೀಸು ಕಟ್ಟಿದವರೇ. ಕಲಬುರಗಿ, ರಾಯಚೂರುಗಳಿಂದ ಗಾರೆ ಕೆಲಸಕ್ಕೆ ಇಲ್ಲಿಗೆ ಬಂದ ನಮ್ಮ ಜನಕ್ಕೆ ಆ ಸಾಲವೂ ಹುಟ್ಟುವುದಿಲ್ಲ. ಗಡಿಯ ಕೃಷ್ಣಾ ಮಂಡಲದಲ್ಲಿ ಕನ್ನಡದಲ್ಲಿ ಓದುವ ಮಕ್ಕಳನ್ನಂತೂ ತೆಲಂಗಾಣವೂ ಕೇಳುವುದಿಲ್ಲ, ಬೆಂಗಳೂರೂ ಕೇಳುವುದಿಲ್ಲ. ಹಿಂದಿನ ಹೈದರಾಬಾದ್ ಸಂಸ್ಥಾನದ ಈ ಸೀಮೆಯ ಪಾಲಿಗೆ ರಾಜಧಾನಿಗಳು ಬದಲಾದವು, ಉಪೇಕ್ಷೆ ಬದಲಾಗಲಿಲ್ಲ.

ಮುಖ್ಯಮಂತ್ರಿಗಳೇ, ಕೊರಿಯದಿಂದ ಏನಾದರೂ ತರುವುದಿದ್ದರೆ ಆ ಕಾನೂನನ್ನು ತನ್ನಿ. ಶಿಕ್ಷಣಕ್ಕೆ ಶೇ 15 ಎಂದು ವಿಧಾನಸಭೆಯಲ್ಲಿ ಮಸೂದೆ ಮಂಡಿಸಿ, ಅದರಲ್ಲಿ ಹೈಸ್ಕೂಲಿನ ಪಾಲು ಇಷ್ಟೆಂದು ಬರೆಯಿರಿ. ಮೂಸಿಯ ದಂಡೆ ಆಮೇಲೆ ಕಟ್ಟಬಹುದು. ಈ ವರ್ಷ ಒಂಬತ್ತನೇ ತರಗತಿ ಬಿಟ್ಟ ಹುಡುಗ ಅಲ್ಲಿಯವರೆಗೆ ಕಾಯುವುದಿಲ್ಲ.